ನೂರಕ್ಕೊಂದು ಅಳತೆಯ ಮನೆ

ಮಾರ್ಚ್ 4

ಅಂಟು,

ನಿನ್ನ ಕಾಗದ, ಜೊತೆಗಿದ್ದ ಫೋಟೋ, ಎರಡೂ ಬಂತು. ನಾನು ಚೆನ್ನಾಗಿದ್ದೀನಿ, ಮಂಡಿ ಮಾತ್ರ ನನ್ನ ಮಾತು ಕೇಳ್ತಿಲ್ಲ. ನೀನು ಆಸ್ಪತ್ರೆಗೆ ಫೋನ್ ಮಾಡಿದ್ದೆಯಂತೆ, ಆಫೀಸಿನವರು ಬಂದು ಹೇಳಿದರು. ಎಷ್ಟು ಸಲ ಹೇಳಬೇಕೋ ನಿನಗೆ? ಮೂವತ್ತೊಂದು ವರ್ಷ ಆಸ್ಪತ್ರೆಯ ಬಟ್ಟೆ ಒಗೆಯೋ ಯಂತ್ರಗಳ ಪಕ್ಕ ನಿಂತು ನನ್ನ ಕಿವಿ ಎರಡೂ ಕೈಕೊಟ್ಟಿವೆ. ಎದುರಿಗೆ ನಿಂತು ಮಾತಾಡಿದರೆ ತುಟಿ ನೋಡಿ ಅರ್ಥ ಮಾಡ್ಕೋತೀನಿ. ಫೋನಿಗೆ ತುಟಿ ಇದೆಯೇನೋ ದಡ್ಡ? ಹೇಳೋದಿದ್ದರೆ ಹೀಗೇ ಬರಿ.

ಫೋಟೋ ನೋಡಿ ಮೊದಲು ನಿಜವಾದ ಕಟ್ಟಡ ಅಂದ್ಕೊಂಡೆ. ಆಮೇಲೆ ಮೂಲೆಯಲ್ಲಿ ನಿನ್ನ ಹೆಬ್ಬೆರಳು ಕಾಣಿಸ್ತು, ಎರಡು ಮಹಡಿಯಷ್ಟು ಉದ್ದ. ಎಷ್ಟು ನಕ್ಕೆ ಅಂದ್ರೆ ಇಸ್ತ್ರಿ ಮೇಸ್ತ್ರಿ ಕೆಲಸ ಬಿಟ್ಟು ಬಂದು ಏನಾಯ್ತು ಅಂತ ಕೇಳಿದ. ನನ್ನ ತಮ್ಮ ಬಿಲ್ಡರುಗಳಿಗೆ ರಟ್ಟಿನಲ್ಲಿ ಪುಟ್ಟ ಕಟ್ಟಡ ಮಾಡಿಕೊಡ್ತಾನೆ, ಜನ ಅದನ್ನ ನೋಡಿ ದೊಡ್ಡ ಕಟ್ಟಡದಲ್ಲಿ ಮನೆ ಕೊಂಡ್ಕೋತಾರೆ ಅಂದೆ. ರಟ್ಟು ಅಂಟಿಸೋದಕ್ಕೂ ಕೂಲಿ ಕೊಡ್ತಾರಾ ಅಂದ. ಚಿಕ್ಕವನಿದ್ದಾಗಿಂದ ಬೆರಳ ತುಂಬಾ ಅಂಟು ಮೆತ್ತಿಕೊಂಡೇ ಇರ್ತಿದ್ದ, ಹೆಸರೂ ಅದರಿಂದ ಬಂತು, ಊಟಾನೂ ಅದರಿಂದಲೇ ಬರ್ತಿದೆ ಅಂತ ಹೇಳಿ ಕಳಿಸಿದೆ.

ಈಗ ವಿಷಯಕ್ಕೆ ಬರ್ತೀನಿ. ಸೆಪ್ಟೆಂಬರ್ ಮೂವತ್ತಕ್ಕೆ ನನಗೆ ನಿವೃತ್ತಿ. ಅಕ್ಟೋಬರ್ ಮೂವತ್ತೊಂದರೊಳಗೆ ಈ ಕ್ವಾರ್ಟರ್ಸ್ ಖಾಲಿ ಮಾಡಬೇಕು. ಅಮ್ಮ ಹೋದಾಗ ನನಗೆ ಹದಿನೇಳು, ನಿನಗೆ ಐದು. ಅವತ್ತಿನಿಂದ ಇವತ್ತಿನವರೆಗೂ ನಾನು ಇಟ್ಟುಕೊಂಡ ಬೀಗದಕೈಗಳೆಲ್ಲ ಯಾರ್ಯಾರದೋ. ಯಾರೋ ಬಂದು ಇನ್ನು ಹೊರಡಿ ಅನ್ನದ ಒಂದು ಬಾಗಿಲು ಬೇಕು ನನಗೆ. ಅಷ್ಟೇ ಆಸೆ, ಬೇರೆ ಏನಿಲ್ಲ.

ಆ ಕಟ್ಟಡದಲ್ಲಿ ನೀನೂ ಒಂದು ಮನೆ ತಗೋ ಅಂತ ಬರೆದಿದ್ದೀಯಲ್ಲ, ಅದಕ್ಕೇ ಕೇಳ್ತೀನಿ, ಸರಿಯಾಗಿ ಉತ್ತರ ಬರಿ. ಬಟ್ಟೆ ಒಣಗಿಸೋಕೆ ಬಿಸಿಲು ಬೀಳೋ ಜಾಗ ಇದೆಯಾ? ಅಡುಗೆಮನೆ ಕಿಟಕಿ ಯಾವ ಕಡೆಗೆ? ನೀನು ಹೇಳಿದ ಆ ಎರಡನೇ ಮಹಡಿಗೆ ಮೆಟ್ಟಿಲು ಎಷ್ಟು?

ನಿನ್ನ ಹೆಂಡತಿಗೆ, ಮಗಳಿಗೆ ನೆನಪು ಹೇಳು.

ನಿನ್ನ ಅಕ್ಕ


ಮಾರ್ಚ್ 19

ಅಕ್ಕ,

ಹೆಬ್ಬೆರಳು ನೋಡಿ ನಕ್ಕಿದ್ದು ಸಾಕು. ಆ ಹೆಬ್ಬೆರಳಿನಿಂದಲೇ ನೂರ ನಲವತ್ತು ಕಿಟಕಿ ಕೂರಿಸಿದ್ದೀನಿ. ಒಂದೊಂದಕ್ಕೂ ಗಾಜು, ಗಾಜಿನ ಹಿಂದೆ ನಿಜವಾದ ಬಟ್ಟೆಯ ಪರದೆ.

ಅಳತೆ ನೂರಕ್ಕೊಂದು. ಅಂದ್ರೆ ನಿಜವಾದ ಕಟ್ಟಡದಲ್ಲಿ ನೂರಡಿ ಇರೋದು ನನ್ನ ಮೇಜಿನ ಮೇಲೆ ಒಂದಡಿ. ಐದು ಮಹಡಿ, ಸುತ್ತ ತೋಟ, ಸ್ಪಂಜು ಕತ್ತರಿಸಿ ಬಣ್ಣ ಹೊಡೆದ ಮರಗಳು, ಬೆಂಚಿನ ಮೇಲೆ ಇಬ್ಬರು ಹೆಂಗಸರು. ಅದರಲ್ಲಿ ದಪ್ಪಗಿರೋಳು ನೀನೇ. ಅದನ್ನ ಕಂಪನಿಯ ಆಫೀಸಿನಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಇಟ್ಟಿದ್ದಾರೆ. ಮೇಲಿನ ಮಹಡಿ ಎತ್ತಿಟ್ಟರೆ ಒಳಗಿನ ಕೋಣೆಗಳೂ ಕಾಣ್ತವೆ. ಮನೆ ಕೊಳ್ಳೋಕೆ ಬಂದವರು ಬೇರೇನೂ ಕೇಳೋದೇ ಇಲ್ಲ, ಅದರ ಮುಂದೆ ನಿಂತು ಬಾಯಿ ಬಿಟ್ಟುಕೊಂಡು ನೋಡ್ತಾರೆ.

ಕಂಪನಿ ಯಜಮಾನನಿಗೆ ನಾನು ಇಟ್ಟಿರೋ ಹೆಸರು ನಗುಮುಖ. ಇಪ್ಪತ್ತೆರಡು ವರ್ಷದಿಂದ ಈ ಕೆಲಸ ಮಾಡ್ತಿದ್ದೀನಿ, ಯಾವ ಬಿಲ್ಡರೂ ನನಗೆ ಕೂತ್ಕೋ ಅಂದವನಲ್ಲ. ಬಾಗಿಲಲ್ಲೇ ನಿಲ್ಲಿಸಿ ನಕ್ಷೆ ಕೊಟ್ಟು ಕಳಿಸೋರು. ಈತ ತಾನೇ ಕುರ್ಚಿ ಎಳೆದು ಕೂರಿಸಿದ. ನೀವು ನಮ್ಮ ಎಂಜಿನಿಯರುಗಳಿಗೆ ಪಾಠ ಹೇಳಬೇಕು ಅಂದ. ನನ್ನ ಕೂಲಿಯನ್ನ ಎರಡನೇ ಮಹಡಿಯ ಒಂದು ಮನೆಗೆ ಮುಂಗಡ ಅಂತ ಜಮಾ ಮಾಡ್ಕೊಂಡಿದ್ದಾನೆ. ಅದರ ಪಕ್ಕದ್ದು ನಿನಗೆ ಅಂತ ಹೇಳಿಟ್ಟಿದ್ದೀನಿ. ನಡುವೆ ಒಂದೇ ಗೋಡೆ. ನೀನು ಗೋಡೆ ಗುದ್ದಿದರೆ ನಾನು ಓಡಿ ಬರ್ತೀನಿ. ನಾನು ಗುದ್ದಿದರೆ ನಿನಗೆ ಕೇಳಲ್ಲ, ಅದು ಬೇರೆ ಮಾತು.

ಬಿಸಿಲು ಬೇಕಾದಷ್ಟಿದೆ. ಅಡುಗೆಮನೆ ಕಿಟಕಿ ತೋಟದ ಕಡೆಗೆ. ಲಿಫ್ಟ್ ಇದೆ, ಮಂಡಿ ಚಿಂತೆ ಬಿಟ್ಟುಬಿಡು.

ಯೋಚನೆ ಮಾಡೋದಿದ್ದರೆ ಬೇಗ ಮಾಡಕ್ಕ. ಆ ಮಹಡಿಯಲ್ಲಿ ಇನ್ನು ಮೂರೇ ಉಳಿದಿವೆ.

ನಿನ್ನ ಅಂಟು


ಏಪ್ರಿಲ್ 8

ಅಂಟು,

ಕೂಡಿಟ್ಟಿದ್ದನ್ನೆಲ್ಲ ಕಂಪನಿಗೆ ಕಟ್ಟಿದೆ. ರಸೀತಿ ಬಂತು, ಮೇಲೆ ನಿನ್ನ ಕಟ್ಟಡದ ಚಿತ್ರ ಇದೆ. ಬ್ಯಾಂಕಿನವಳು ಏನಮ್ಮಾ ಎಲ್ಲಾ ಬಳಿದುಕೊಂಡು ಹೋಗ್ತಿದ್ದೀರಿ ಅಂದಳು. ಮನೆ ಕೊಳ್ತಿದ್ದೀನಿ ಕಣಮ್ಮ ಅಂತ ಹೇಳಿದಾಗ ನನಗೆ ಎಷ್ಟು ಹೆಮ್ಮೆ ಆಯ್ತು ಗೊತ್ತಾ? ಅವಳಿಗೆ ಕೇಳಿದ್ದು ಸಾಲದು ಅಂತ ಪಕ್ಕದ ಕಿಟಕಿಯವನಿಗೂ ಹೇಳಿ ಬಂದೆ.

ಇನ್ನೊಂದು ಸುದ್ದಿ. ನಮ್ಮ ಕಂಪೌಂಡರ್ ಗೊತ್ತಲ್ಲ, ಔಷಧಿ ಕೊಡೋರು, ಮಾತೆತ್ತಿದರೆ ಚೀಟಿ ಎಲ್ಲಿ ಅನ್ನೋರು. ಅವರಿಗೂ ಮುಂದಿನ ವರ್ಷ ನಿವೃತ್ತಿ. ಊಟದ ಹೊತ್ತಿನಲ್ಲಿ ಫೋಟೋ ತೋರಿಸಿದೆ. ಕನ್ನಡಕ ಹಾಕ್ಕೊಂಡು, ತೆಗೆದು, ಮತ್ತೆ ಹಾಕ್ಕೊಂಡು ನೋಡಿದರು. ನಿಮ್ಮ ತಮ್ಮ ಮಾಡಿದ್ದು ಅಂದ್ರೆ ಧೈರ್ಯವಾಗಿ ದುಡ್ಡು ಹಾಕಬಹುದಲ್ವಾ ಅಂತ ಕೇಳಿದರು. ಕಣ್ಣು ಮುಚ್ಚಿಕೊಂಡು ಹಾಕಿ ಅಂದೆ. ಅವರೂ ಒಂದು ಮನೆ ತಗೊಳ್ತಾರಂತೆ, ಅದೇ ಮಹಡಿಯಲ್ಲಿ.

ನಾನು ಕೇಳಿದ್ದಕ್ಕೆ ನೀನು ಉತ್ತರ ಬರೆಯಲಿಲ್ಲ. ಲಿಫ್ಟ್ ಕಥೆ ನನಗೆ ಹೇಳಬೇಡ. ಈ ಆಸ್ಪತ್ರೆ ಲಿಫ್ಟೇ ವಾರದಲ್ಲಿ ಎರಡು ದಿನ ಕೆಟ್ಟಿರುತ್ತೆ, ಆವಾಗ ಹಾಸಿಗೆ ಬಟ್ಟೆಯ ಗಂಟು ಹೊತ್ತು ಹತ್ತೋದು ನಾವೇ. ಮೆಟ್ಟಿಲು ಎಷ್ಟು ಅಂತ ಕೇಳಿದ್ದೀನಿ. ನೀನೇ ಮಾಡಿದ್ದಲ್ವಾ, ಎಣಿಸಿ ಹೇಳೋಕೆ ಏನು ಕಷ್ಟ?

ನಿನ್ನ ಅಕ್ಕ


ಮೇ 2

ಅಕ್ಕ,

ಮೂವತ್ತಾರು ಮೆಟ್ಟಿಲು. ಒಂದು ಮಹಡಿಗೆ ಹದಿನೆಂಟು, ನಡುವೆ ತಿರುವಿನಲ್ಲಿ ಅಗಲವಾದ ಜಾಗ, ಅಲ್ಲಿ ನಿಂತು ಸುಧಾರಿಸ್ಕೋಬಹುದು. ಎರಡೂ ಕಡೆ ಹಿಡ್ಕೊಳ್ಳೋಕೆ ಕಂಬಿ ಇದೆ. ಸಾಕಾ?

ಕಂಪೌಂಡರಿಗೆ ನಮಸ್ಕಾರ ಹೇಳು. ಉಳಿದ ಹಣ ಜೂನ್ ಮುಗಿಯೋದರೊಳಗೆ ಕಟ್ಟಿದರೆ ಒಳ್ಳೇದಂತೆ, ಆಮೇಲೆ ದರ ಏರುತ್ತೆ ಅಂತ ನಗುಮುಖ ಹೇಳಿದ. ಕೆಲಸ ಜಾಸ್ತಿ ಇದೆ, ಚಿಕ್ಕದಾಗಿ ಬರೀತಿದ್ದೀನಿ.

ಅಂಟು


ಜುಲೈ 11

ಅಂಟು,

ನಿವೃತ್ತಿ ಹಣದ ಮೇಲೆ ಮುಂಗಡ ತಗೊಂಡು ಹೋದ ತಿಂಗಳೇ ಪೂರ್ತಿ ಕಟ್ಟಿದ್ದೀನಿ. ಕಂಪೌಂಡರೂ ಕಟ್ಟಿದ್ದಾರೆ. ನಿನಗೆ ತಿಳಿಸಿದ್ದೆ, ನಿನ್ನಿಂದ ಉತ್ತರ ಇಲ್ಲ.

ಮೊನ್ನೆ ಭಾನುವಾರ ನಾವಿಬ್ಬರೂ ಬಸ್ಸು ಹತ್ತಿ ಜಾಗ ನೋಡೋಕೆ ಹೋಗಿದ್ವಿ. ಕಂಪೌಂಡರ್ ಹೊಸ ಅಂಗಿ ಹಾಕ್ಕೊಂಡು ಬಂದಿದ್ದರು, ಗೃಹಸ್ಥರು ಮನೆ ನೋಡೋಕೆ ಹೊರಟ ಹಾಗೆ. ದಾರಿಯುದ್ದಕ್ಕೂ ನಾನು ಅವರನ್ನ ರೇಗಿಸಿದೆ. ಬಸ್ಸಿಳಿದು ಅರ್ಧ ಗಂಟೆ ನಡೆದ ಮೇಲೆ ಜಾಗ ಸಿಕ್ತು. ರಸ್ತೆ ಪಕ್ಕ ದೊಡ್ಡ ಹಲಗೆ, ಅದರ ಮೇಲೆ ನಿನ್ನ ಕಟ್ಟಡದ ಫೋಟೋ, ಹಿಂದೆ ನೀಲಿ ಆಕಾಶ ಅಂಟಿಸಿದ್ದಾರೆ. ಹಲಗೆಯ ಹಿಂದೆ ಒಂದು ದೊಡ್ಡ ಹೊಂಡ, ಅರ್ಧ ನೀರು. ಪಾಯ ತೋಡಿದ್ದಾರೆ ನೋಡಿ ಅಂತ ಕಂಪೌಂಡರ್ ಖುಷಿಪಟ್ಟರು.

ಅಲ್ಲೊಬ್ಬ ಕಾವಲಿನವನು ಕೊಡೆ ಹಿಡಿದು ಕೂತಿದ್ದ. ಕೆಲಸ ಯಾವಾಗ ಶುರುವಾಯ್ತು ಅಂತ ಕೇಳಿದೆ. ಯಾವ ಕೆಲಸ ಅಂದ. ನಾನು ತುಟಿ ತಪ್ಪಾಗಿ ಓದಿದೆನೇನೋ ಅಂತ ಕಂಪೌಂಡರ್ ಮುಖ ನೋಡಿದೆ. ಅವರ ಮುಖ ಬಿಳಿಚಿಕೊಂಡಿತ್ತು. ಆ ಹೊಂಡ ಇಟ್ಟಿಗೆ ಗೂಡಿನವರು ಎಷ್ಟೋ ವರ್ಷದ ಹಿಂದೆ ಮಣ್ಣು ತೆಗೆದದ್ದಂತೆ. ದನ ಬೀಳದ ಹಾಗೆ ನೋಡ್ಕೊಳ್ಳೋಕೆ ಅವನನ್ನ ಇಟ್ಟಿರೋದೂ ಗೂಡಿನವರೇ. ಹಲಗೆ ನೆಟ್ಟವರು ನೆಟ್ಟು ಹೋದರು, ಮತ್ತೆ ಈ ಕಡೆ ತಲೆ ಹಾಕಿಲ್ಲ ಅಂದ.

ಬೇರೆ ಜಾಗ ಇರಬೇಕು, ನಾವು ತಪ್ಪಿ ಬಂದ್ವಿ ಅಂತ ಕಂಪೌಂಡರಿಗೆ ಹೇಳಿದೆ. ಕೂಡಲೇ ಬರಿ. ಬೇರೆ ಜಾಗ ಅಲ್ವಾ?

ಅಕ್ಕ


ಆಗಸ್ಟ್ 20

ಇದು ಮೂರನೇ ಕಾಗದ. ಸತ್ತಿದ್ದೀಯಾ ಬದುಕಿದ್ದೀಯಾ ಅಂತಾದರೂ ತಿಳಿಸು. ಕಂಪನಿ ಆಫೀಸಿಗೆ ಬೀಗ ಬಿದ್ದಿದೆಯಂತೆ, ಪೇಪರಿನಲ್ಲಿ ಬಂದಿದೆ. ಕಂಪೌಂಡರ್ ಪೇಪರ್ ತಂದು ನನ್ನ ಮೇಜಿನ ಮೇಲಿಟ್ಟರು. ನಾನು ಅವರಿಗೆ ಏನಂತ ಹೇಳಲಿ? ನೀನು ಬಾಯಿಗೆ ಬೀಗ ಹಾಕ್ಕೊಂಡು ಕೂತಿದ್ದೀಯಲ್ಲ, ನಾನು ಇಲ್ಲಿ ಯಾರಿಗೆ ಮುಖ ತೋರಿಸಲಿ?

ಅಕ್ಕ


ಸೆಪ್ಟೆಂಬರ್ 3

ಅಕ್ಕ,

ಹೊಟ್ಟೆಗೆ ಹಾಕ್ಕೋ. ಬರೆಯೋಕೆ ಕೂತಾಗಲೆಲ್ಲ ಕೈ ಬರ್ತಿರಲಿಲ್ಲ.

ನೀನು ನೋಡಿದ್ದು ಬೇರೆ ಜಾಗ ಅಲ್ಲ, ಅದೇ ಜಾಗ. ಆ ನೆಲ ಕಂಪನಿಯದ್ದೇ ಅಲ್ಲ. ನಗುಮುಖ ಪರಾರಿ. ನೂರಾರು ಜನ ಆಫೀಸಿನ ಮುಂದೆ ಸೇರಿದ್ದರು, ಹೋದ ವಾರ ಬಾಗಿಲು ಒಡೆದು ನುಗ್ಗಿದರು. ಕುರ್ಚಿ, ಮೇಜು, ಗೋಡೆ ಗಡಿಯಾರ, ಸಿಕ್ಕಿದ್ದು ಕಿತ್ತುಕೊಂಡು ಹೋದರು. ನಾನು ಮಾಡಿದ್ದನ್ನ ಯಾರೂ ಮುಟ್ಟಲಿಲ್ಲ. ಒಬ್ಬ ಹೆಂಗಸು ಅದರ ಮುಂದೆ ನಿಂತು ಮಕ್ಕಳಿಗೆ ಯಾವ ಕಿಟಕಿ ತಮ್ಮದು ಅಂತ ತೋರಿಸ್ತಿದ್ದಳು. ಆಮೇಲೆ ಪೊಲೀಸರು ಬಂದು ಅದನ್ನ ಬಟ್ಟೆಯಲ್ಲಿ ಸುತ್ತಿ ವ್ಯಾನಿಗೆ ಹಾಕ್ಕೊಂಡು ಹೋದರು.

ನಾನೂ ಮೋಸ ಹೋದವನೇ ಅಕ್ಕ. ಏಳು ತಿಂಗಳ ಕೂಲಿ ಹೋಯ್ತು. ಅಂಗಡಿಯವನಿಗೆ ಗಾಜಿನ ಹಣ ಇನ್ನೂ ಕೊಟ್ಟಿಲ್ಲ. ಬೇರೆ ಬಿಲ್ಡರುಗಳು ನನ್ನನ್ನ ಕರೆಯೋದು ನಿಲ್ಲಿಸಿದ್ದಾರೆ, ಕಳ್ಳ ಕಂಪನಿಯವನು ಅಂತ. ನನ್ನ ಕಣ್ಣಿಗೂ ಮಣ್ಣೆರಚಿದ ಅವನು. ನನಗೆ ಏನು ಮಾಡಬೇಕೋ ತೋಚ್ತಿಲ್ಲ.

ಅಂಟು


ಸೆಪ್ಟೆಂಬರ್ 12

ಅಂಟು,

ನಿನ್ನ ಕಾಗದ ಕಂಡು ಮೊದಲು ಬೈದೆ, ಆಮೇಲೆ ಅತ್ತೆ. ಬದುಕಿದ್ದೀಯಲ್ಲ, ಅಷ್ಟು ಸಾಕು. ಇಷ್ಟು ದಿನ ಏನೇನೋ ಕೆಟ್ಟ ಯೋಚನೆ ಬರ್ತಿತ್ತು. ನೋಡು, ಹಣ ಹೋಯ್ತು. ನನ್ನದೂ ಹೋಯ್ತು, ನಿನ್ನದೂ ಹೋಯ್ತು. ನಿನ್ನ ತಪ್ಪೇನಿದೆ ಇದರಲ್ಲಿ? ರಟ್ಟು ಅಂಟಿಸು ಅಂದರು, ಅಂಟಿಸಿದೆ. ಅವನು ಕಳ್ಳ ಅಂತ ನಿನಗೆ ಹೇಗೆ ಗೊತ್ತಾಗಬೇಕು? ನಾನು ಇಷ್ಟು ಜೋರು ಹೆಂಗಸು, ನಾನೇ ಹಳ್ಳಕ್ಕೆ ಬಿದ್ದೆ.

ಕಂಪೌಂಡರ್ ಮಾತ್ರ ಹೋದ ಸೋಮವಾರ ಔಷಧಿ ಎಣಿಸುತ್ತಾ ನಿಂತಲ್ಲೇ ಕುಸಿದರು. ಬಲಗೈ ಬಿದ್ದುಹೋಗಿದೆ, ಮಾತು ತೊದಲುತ್ತೆ. ನಾಲ್ಕನೇ ವಾರ್ಡಿನಲ್ಲಿದ್ದಾರೆ. ಅವರ ಹಾಸಿಗೆಯ ಬಟ್ಟೆ ನಾನೇ ತಗೊಂಡು ಹೋಗ್ತೀನಿ, ಬೇರೆಯವರಿಗೆ ಬಿಡಲ್ಲ. ಅವರ ಹೆಂಡತಿ ನನ್ನ ಕಡೆ ನೋಡಲ್ಲ. ನೋಡಬೇಕಾಗಿಯೂ ಇಲ್ಲ. ಫೋಟೋ ತೋರಿಸಿದವಳು ನಾನೇ ತಾನೇ.

ನನ್ನ ಚಿಂತೆ ಮಾಡಬೇಡ. ಅಕ್ಟೋಬರ್ ಕೊನೆಯವರೆಗೂ ಈ ಕೋಣೆ ಇದೆ. ಆಮೇಲಿನದು ಆಮೇಲೆ. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು, ಹುಚ್ಚು ಕೆಲಸ ಏನೂ ಮಾಡ್ಕೋಬೇಡ. ಬೇಕಿದ್ದರೆ ನಾಲ್ಕು ದಿನ ಇಲ್ಲಿಗೆ ಬಂದು ಇದ್ದು ಹೋಗು.

ನಿನ್ನ ಅಕ್ಕ


ಸೆಪ್ಟೆಂಬರ್ 25

ಅಕ್ಕ,

ನೀನು ಬೈದಿದ್ದರೆ ಇದನ್ನ ಬರೀತಿರಲಿಲ್ಲ. ನಿನ್ನ ತಪ್ಪೇನಿದೆ ಅಂತ ಬರೆದೆಯಲ್ಲ, ಅದಕ್ಕೇ ಬರೀತಿದ್ದೀನಿ.

ನಮ್ಮ ಕೆಲಸದಲ್ಲಿ ಒಂದೇ ಒಂದು ನಿಯಮ. ನಕ್ಷೆಯಲ್ಲಿ ಇಲ್ಲದ್ದನ್ನ ನಾವಾಗಿ ಸೇರಿಸಬಾರದು. ಏನಾದರೂ ಬಿಟ್ಟುಹೋಗಿದ್ದರೆ ಚೀಟಿಯಲ್ಲಿ ಬರೆದು ಕೇಳಬೇಕು, ಎಂಜಿನಿಯರು ತಿದ್ದಿ ಸಹಿ ಹಾಕಿದ ನಕ್ಷೆ ಬರೋವರೆಗೂ ಬ್ಲೇಡು ಮುಟ್ಟಬಾರದು. ನನ್ನ ಗುರು ಕೈ ಮೇಲೆ ಹೊಡೆದು ಕಲಿಸಿದ್ದು ಇದು.

ಹೋದ ವರ್ಷ ಆಗಸ್ಟಿನಲ್ಲಿ ಈ ಕೆಲಸ ಬಂತು. ಹೊರಗಿನ ಗೋಡೆಗಳು ಚೆನ್ನಾಗಿಯೇ ಇದ್ದವು. ಮೇಲಿನ ಮಹಡಿ ಎತ್ತಿದರೆ ಒಳಗೂ ಕಾಣಬೇಕು ಅಂದರಲ್ಲ, ಒಳಗೆ ಮಾಡೋಕೆ ಕೂತಾಗ ಗೊತ್ತಾಯ್ತು. ನಕ್ಷೆಯಲ್ಲಿ ಮೇಲೆ ಹೋಗೋ ಮೆಟ್ಟಿಲೇ ಇಲ್ಲ. ಕೆಳಗಿನ ಮಹಡಿಯಲ್ಲಿ ಒಂದು ಮೂಲೆಯಲ್ಲಿ ಶುರುವಾಗಿದೆ, ಮೇಲೆ ಆ ಜಾಗದಲ್ಲಿ ಯಾರದೋ ಮಲಗೋ ಕೋಣೆ. ಮೇಲಿನ ಕಂಬ ಕೆಳಗೆ ಬಂದರೆ ಹಾಲಿನ ನಟ್ಟನಡುವೆ ನಿಲ್ಲುತ್ತೆ. ಎರಡು ಬೇರೆ ಬೇರೆ ಕಟ್ಟಡದ ನಕ್ಷೆ ಕತ್ತರಿಸಿ ಒಂದರ ಮೇಲೊಂದು ಇಟ್ಟಿದ್ದರು. ಇದನ್ನ ಕಟ್ಟೋಕೇ ಆಗಲ್ಲ. ಕಟ್ಟಬೇಕು ಅಂತ ಇದ್ದವರು ಇಂಥ ನಕ್ಷೆ ಕೊಡಲ್ಲ.

ಚೀಟಿ ಬರೆದು ತಗೊಂಡು ಹೋದೆ. ನಗುಮುಖ ಅದನ್ನ ಓದಲೂ ಇಲ್ಲ. ನಿಮಗೆ ಎಲ್ಲಿ ಚೆನ್ನಾಗಿ ಕಾಣುತ್ತೋ ಅಲ್ಲಿ ಮೆಟ್ಟಿಲು ಹಾಕಿ, ನಿಮ್ಮಂಥ ಕಲಾವಿದರಿಗೆ ನಾವೇನು ಹೇಳೋದು ಅಂದ. ಕುರ್ಚಿ ಎಳೆದು ಕೂರಿಸಿದ್ದು ಅವತ್ತೇ. ನಾನು ಬೆಣ್ಣೆ ಹಾಗೆ ಕರಗಿಹೋದೆ. ಮೂರು ವಾರ ಕೂತು ಎಲ್ಲಾ ಸರಿಮಾಡಿದೆ. ಕಂಬ ಸರಿಸಿದೆ, ಗೋಡೆ ಸರಿಸಿದೆ, ಮೆಟ್ಟಿಲು ಹಾಕಿದೆ. ಅಷ್ಟು ಚೆನ್ನಾಗಿ ನಾನು ಯಾವತ್ತೂ ಮಾಡಿರಲಿಲ್ಲ ಅಕ್ಕ. ನಾನು ಸರಿಮಾಡದೇ ಇದ್ದಿದ್ದರೆ ನೋಡಿದವರು ಯಾರಾದರೂ ಕೇಳ್ತಿದ್ದರು, ಮೇಲೆ ಹೋಗೋದು ಹೇಗೆ ಅಂತ.

ನೀನು ಕೇಳಿದೆ. ಮೊದಲ ಕಾಗದದಲ್ಲೇ ಕೇಳಿದೆ. ನಾನು ಎಣಿಸಿ ಬರೆದದ್ದು ನನ್ನ ರಟ್ಟಿನ ಮೆಟ್ಟಿಲು.

ಇನ್ನೂ ಒಂದಿದೆ. ನಾನು ಕರೆತಂದ ಒಬ್ಬೊಬ್ಬರಿಗೂ ನನ್ನ ಮನೆಯ ಬಾಕಿಯಲ್ಲಿ ಒಂದಷ್ಟು ಕಳೀತಿದ್ದರು. ನಿನ್ನ ಲೆಕ್ಕದಲ್ಲಿ ಕಳೆದರು, ಕಂಪೌಂಡರ್ ಲೆಕ್ಕದಲ್ಲೂ ಕಳೆದರು. ಹೇಗಾದರೂ ಕಟ್ಟಿಯೇ ಕಟ್ತಾರೆ, ಆಮೇಲೆ ಒಳ್ಳೇ ನಕ್ಷೆ ಮಾಡಿಸ್ತಾರೆ ಅಂತ ನನಗೆ ನಾನೇ ಹೇಳ್ಕೊಂಡೆ. ಪಕ್ಕಪಕ್ಕದ ಮನೆ ಬೇಕಾಗಿತ್ತು ನನಗೆ. ಅದು ಸುಳ್ಳಲ್ಲ.

ಇದನ್ನ ಓದಿ ಹರಿದುಹಾಕು. ನಿನ್ನ ಕಾಲಿಗೆ ಬೀಳ್ತೀನಿ.

ಅಂಟು


ಅಕ್ಟೋಬರ್ 10

ನಿನ್ನ ಕಾಗದ ಬಂದು ಹತ್ತು ದಿನ ಆಯ್ತು. ನನ್ನ ನಿವೃತ್ತಿಯ ದಿನವೇ ಬಂತು. ಅವರು ಒಂದು ಹೂಗುಚ್ಛ, ಒಂದು ಟೇಬಲ್ ಗಡಿಯಾರ ಕೊಟ್ಟರು, ಅದನ್ನ ಹಿಡ್ಕೊಂಡು ಕೋಣೆಗೆ ಬಂದೆ, ಬಾಗಿಲಡಿಯಲ್ಲಿ ನಿನ್ನ ಕಾಗದ.

ಹಣ ಹೋಗಿದ್ದಕ್ಕೆ ನನಗೆ ಇಷ್ಟು ಉರಿದಿರಲಿಲ್ಲ. ಎರಡೂ ಕಡೆ ಹಿಡ್ಕೊಳ್ಳೋಕೆ ಕಂಬಿ ಇದೆ, ತಿರುವಿನಲ್ಲಿ ನಿಂತು ಸುಧಾರಿಸ್ಕೋ ಅಂತ ಬರೆದೆಯಲ್ಲೋ! ನನ್ನ ಮಂಡಿ ನೋವು ನೆನೆಸಿಕೊಂಡು ಬರೆದಿದ್ದಾನೆ ನನ್ನ ತಮ್ಮ ಅಂತ ಆ ಸಾಲನ್ನ ನಾನು ಕಂಪೌಂಡರಿಗೆ ಓದಿ ಹೇಳಿದ್ದೆ. ಥೂ. ಅದನ್ನ ಹೇಗೋ ಬರೆದೆ? ಬೇಡ, ಉತ್ತರ ಬರೀಬೇಡ ಅದಕ್ಕೆ.

ಹೋದ ವಾರ ನಾನು ನಿಮ್ಮೂರಿನ ತನಿಖಾ ಕಚೇರಿಗೆ ಬಂದಿದ್ದೆ. ನಿನ್ನ ಮನೆಗೆ ಬರಲಿಲ್ಲ. ನಗುಮುಖ ಸಿಕ್ಕಿಬಿದ್ದಿದ್ದಾನೆ. ಅವನ ವಕೀಲ ಹೇಳ್ತಿರೋದು ಏನು ಗೊತ್ತಾ? ನೆಲ ಕೊಂಡು ಕಟ್ಟೋ ಉದ್ದೇಶ ಇತ್ತು, ದುಡ್ಡು ಸಾಲಲಿಲ್ಲ, ವ್ಯಾಪಾರ ಮುಳುಗಿತು ಅಂತ. ಮುಳುಗಿದ ವ್ಯಾಪಾರಕ್ಕೆ ಶಿಕ್ಷೆ ಇಲ್ಲವಂತೆ. ಇದೇ ತಿಂಗಳು ಬಿಡುಗಡೆ ಆಗ್ತಾನೆ, ಅವನ ಹೆಂಡತಿ ಹೆಸರಿನಲ್ಲಿರೋ ಆಸ್ತಿ ಯಾರೂ ಮುಟ್ಟೋ ಹಾಗಿಲ್ಲ. ಶುರುವಿನಿಂದಲೇ ಕಟ್ಟೋ ಮನಸ್ಸಿರಲಿಲ್ಲ ಅಂತ ತೋರಿಸಿದರೆ ಮಾತ್ರ ಅದನ್ನ ಹಿಡಿದು ಜನಕ್ಕೆ ಹಂಚಬಹುದು. ಅದಕ್ಕೆ ಆಧಾರ ಇಲ್ಲ, ನಕ್ಷೆಗಳನ್ನೆಲ್ಲ ಸುಟ್ಟಿದ್ದಾರೆ ಅಂದರು ಅಧಿಕಾರಿ. ಆಧಾರ ನನ್ನ ಕೈಚೀಲದಲ್ಲೇ ಇತ್ತು. ನಾನು ಎದ್ದು ಬಂದೆ. ನಿನಗೆ ಮೊದಲು ಹೇಳಬೇಕು ಅಂತ ಬಂದೆ.

ನೀನಾಗಿ ಹೋಗಿ ಹೇಳು. ಎಲ್ಲಾ ಹೇಳು, ಕಮಿಷನ್ ವಿಷಯಾನೂ ಹೇಳು. ಅವರು ನಿನ್ನನ್ನೂ ಹಿಡಿದು ಕೂರಿಸ್ತಾರೆ, ನನಗೆ ಗೊತ್ತು. ನೀನಾಗಿ ಹೇಳಿದರೆ ಕಡಿಮೆ ಆಗುತ್ತಂತೆ, ಅದನ್ನೂ ಕೇಳ್ಕೊಂಡು ಬಂದಿದ್ದೀನಿ, ಯಾರಿಗೋ ಅಂತ ಹೇಳಿ. ಈ ತಿಂಗಳ ಇಪ್ಪತ್ತಕ್ಕೆ ಬೆಳಿಗ್ಗೆ ಹತ್ತು ಗಂಟೆಗೆ ಆ ಕಚೇರಿಯ ಮುಂದಿನ ಬೆಂಚಿನಲ್ಲಿ ಕೂತಿರ್ತೀನಿ. ಬಂದರೆ ನಿನ್ನ ಜೊತೆಗೇ ಒಳಗೆ ಬರ್ತೀನಿ, ಕೊನೆಯವರೆಗೂ ಪಕ್ಕದಲ್ಲಿ ನಿಲ್ತೀನಿ. ಬರದಿದ್ದರೆ ನಾನೊಬ್ಬಳೇ ಹೋಗ್ತೀನಿ. ನಿನ್ನ ಕಾಗದ ನಾನು ಹರಿದುಹಾಕಿಲ್ಲ.

ಅಕ್ಕ


ಅಕ್ಟೋಬರ್ 15

ಅಕ್ಕನವರಿಗೆ,

ನಿಮ್ಮ ತಮ್ಮ ಸ್ನಾನಕ್ಕೆ ಹೋದಾಗ ನಿಮ್ಮ ಕಾಗದ ಓದಿದೆ. ನನಗೆ ಇದೆಲ್ಲ ಈಗಲೇ ಗೊತ್ತಾಗಿದ್ದು. ನಾನೂ ಬೈದಿದ್ದೀನಿ, ಮಾತು ಬಿಟ್ಟಿದ್ದೀನಿ. ಆದರೂ ಕೇಳ್ಕೋತೀನಿ, ಇವರು ನಿಮಗೆ ಬರೆದ ಆ ಕಾಗದ ಕಚೇರಿಯವರಿಗೆ ಕೊಡಬೇಡಿ. ಇವರು ಒಳಗೆ ಹೋದರೆ ನಾವು ತಾಯಿ ಮಗಳು ಬೀದಿಗೆ ಬೀಳ್ತೀವಿ. ಅವಳು ಇನ್ನೂ ಶಾಲೆಗೆ ಹೋಗೋ ಹುಡುಗಿ, ಜೊತೆಯವರು ಏನಂತಾರೆ?

ನೀವು ಕ್ವಾರ್ಟರ್ಸ್ ಬಿಡಬೇಕು ಅಂತ ಗೊತ್ತು. ನಮ್ಮ ಮನೆಗೇ ಬಂದುಬಿಡಿ. ಇವರು ಕೆಲಸ ಮಾಡ್ತಿದ್ದ ಮುಂದಿನ ಕೋಣೆ ಖಾಲಿ ಮಾಡಿ ತೊಳೆದಿಟ್ಟಿದ್ದೀನಿ. ಕಿಟಕಿ ಇದೆ, ನೆಲದ ಮೇಲೆಯೇ ಇದೆ, ಹತ್ತೋದಿಲ್ಲ ಇಳಿಯೋದಿಲ್ಲ. ಎಷ್ಟು ದಿನ ಬೇಕಾದರೂ ಇರಿ, ಕೊನೆಯವರೆಗೂ ಇರಿ, ನಾನು ಒಂದು ಮಾತು ಅನ್ನಲ್ಲ. ಬರುವಾಗ ಆ ಕಾಗದ ತಂದು ನನ್ನ ಕೈಗೆ ಕೊಡಿ ಸಾಕು. ಕಚೇರಿಯವರಿಗೆ ಕೊಟ್ಟುಬಿಟ್ಟರೆ ಈ ಮನೆ ಬಾಗಿಲು ನಿಮಗಿಲ್ಲ. ನಿಷ್ಠುರವಾಗಿ ಬರೆದೆ ಅಂತ ಬೇಜಾರಾಗಬೇಡಿ, ನನ್ನ ಜಾಗದಲ್ಲಿ ನೀವಿದ್ದಿದ್ದರೂ ಇದನ್ನೇ ಬರೀತಿದ್ರಿ.

ನಿಮ್ಮ ತಮ್ಮನ ಹೆಂಡತಿ


ಅಕ್ಟೋಬರ್ 22

ಅಂಟು,

ಇಪ್ಪತ್ತನೇ ತಾರೀಕು ಒಂಬತ್ತು ಗಂಟೆಗೇ ಹೋಗಿ ಆ ಬೆಂಚಿನಲ್ಲಿ ಕೂತೆ. ನೀನು ಬಂದಿದ್ದು ನಾನು ನೋಡಿದೆ. ಎದುರು ರಸ್ತೆಯಲ್ಲಿ, ಟೈರ್ ಅಂಗಡಿ ಪಕ್ಕ, ಕಂದು ಅಂಗಿ. ಎಷ್ಟು ಸಣ್ಣಗಾಗಿದ್ದೀಯೋ. ನಾನು ಕೈ ಎತ್ತಿ ಕರೆದೆ. ನೀನು ಏನೋ ಹೇಳಿದೆ. ಅಷ್ಟು ದೂರದಿಂದ ನನಗೆ ತುಟಿ ಕಾಣಲ್ಲ ಕಣೋ, ನಡುವೆ ಬಸ್ಸುಗಳು ಬೇರೆ. ಹತ್ತಿರ ಬಾ ಅಂತ ಸನ್ನೆ ಮಾಡಿದೆ. ಒಂದು ಬಸ್ಸು ನಿಂತು ಹೋಯ್ತು, ಆಮೇಲೆ ನೀನು ಅಲ್ಲಿರಲಿಲ್ಲ.

ಮನಸ್ಸು ಬದಲಾಗಿ ವಾಪಸು ಬರ್ತೀಯ ಅಂತ ಸಂಜೆ ನಾಲ್ಕರವರೆಗೂ ಕೂತೆ. ನಿನ್ನ ಹೆಂಡತಿಯ ಕಾಗದವೂ ಚೀಲದಲ್ಲೇ ಇತ್ತು. ಸುಳ್ಳು ಯಾಕೆ ಹೇಳಲಿ, ಆ ಮುಂದಿನ ಕೋಣೆ ನನಗೆ ಬೇಕಾಗಿತ್ತು. ತುಂಬಾ ಬೇಕಾಗಿತ್ತು. ಕಿಟಕಿಗೆ ಯಾವ ಬಟ್ಟೆಯ ಪರದೆ ಹಾಕಬೇಕು ಅಂತ ಯೋಚನೆಯೂ ಬಂತು. ಎದ್ದು ಬಸ್ ನಿಲ್ದಾಣದ ತನಕ ಒಂದು ಸಲ ಹೋಗಿಯೂ ಬಂದೆ. ಆಮೇಲೆ, ನಾಳೆ ನಾಲ್ಕನೇ ವಾರ್ಡಿಗೆ ಹೋಗಿ ಕಂಪೌಂಡರ್ ಹಾಸಿಗೆ ಬಟ್ಟೆ ಬದಲಾಯಿಸುವಾಗ, ನಿವೃತ್ತಿ ಆದರೂ ಅದನ್ನ ನಾನು ಬಿಟ್ಟಿಲ್ಲ, ಅವರ ಮುಖ ಹೇಗೆ ನೋಡಲಿ ಅನ್ನಿಸ್ತು. ಒಳಗೆ ಹೋದೆ.

ನನಗೆ ಕಿವಿ ಕೇಳಲ್ಲ ಅಂದದ್ದಕ್ಕೆ ಅಧಿಕಾರಿ ಪ್ರಶ್ನೆಗಳನ್ನ ಹಾಳೆಯಲ್ಲಿ ಬರೆದು ನನ್ನ ಕಡೆ ತಿರುಗಿಸಿದರು. ಒಳ್ಳೇ ಮನುಷ್ಯ, ದೊಡ್ಡದಾಗಿ ಬರೆದರು. ನಿನ್ನ ಕಾಗದ ಎರಡು ಸಲ ಓದಿದರು. ನಗುಮುಖನ ಬಿಡುಗಡೆ ನಿಲ್ಲಿಸಬಹುದು ಅಂತ ಬರೆದರು. ಇದನ್ನ ಬರೆದವನನ್ನೂ ಆರೋಪಿ ಅಂತ ಸೇರಿಸಬೇಕಾಗುತ್ತೆ ಅಂತಾನೂ ಬರೆದರು. ಗೊತ್ತು ಅಂದೆ. ಹಣ ಬರೋಕೆ ಎಷ್ಟು ವರ್ಷ ಅಂತ ಕೇಳಿದೆ. ಗೊತ್ತಿಲ್ಲ ಅಂತ ತಲೆ ಆಡಿಸಿದರು.

ಆಸ್ಪತ್ರೆ ಹಿಂದಿನ ಬೀದಿಯಲ್ಲಿ ಒಂದು ಕೋಣೆ ಸಿಕ್ಕಿದೆ. ನಮ್ಮ ಲಾಂಡ್ರಿಯ ಮೂವರು ಹೆಂಗಸರು ಇರೋ ಕೋಣೆ, ಬಾಗಿಲ ಪಕ್ಕ ನಾಲ್ಕನೇ ಮಂಚ ನನಗೆ. ಒಂದನೇ ತಾರೀಕಿನಿಂದ ಅಲ್ಲಿರ್ತೀನಿ. ವಿಳಾಸ ಹಿಂದೆ ಬರೆದಿದ್ದೀನಿ. ನಿನ್ನನ್ನ ಒಳಗೆ ಹಾಕಿದ ಮೇಲೆ ನೋಡೋಕೆ ಯಾವ ದಿನ ಬಿಡ್ತಾರೆ ಅಂತ ಕೇಳಿ ಇಟ್ಟುಕೊಂಡಿದ್ದೀನಿ. ಬರ್ತೀನಿ. ನೀನು ಮುಖ ತಿರುಗಿಸಿಕೊಂಡರೂ ಬರ್ತೀನಿ. ನಿನ್ನ ಮೇಲೆ ನನಗೆ ಎಷ್ಟು ಸಿಟ್ಟಿದೆ ಅಂದ್ರೆ, ಅದನ್ನ ನಿನ್ನೆದುರಿಗೆ ಕೂತು ಆಡದೆ ನಾನು ಸಾಯಲ್ಲ.

ಒಂದು ಮಾತು ಹೇಳದೆ ಮುಗಿಸೋಕೆ ಆಗ್ತಿಲ್ಲ. ಕೊನೆಯಲ್ಲಿ ಅಧಿಕಾರಿ ಬರೆದು ಕೇಳಿದರು, ಕಾಗದದಲ್ಲಿ ಪೂರ್ತಿ ಹೆಸರಿಲ್ಲ, ಬರೀ ಅಂಟು ಅಂತಿದೆ, ಇದು ಅವನದೇ ಅಕ್ಷರ ಅಂತ ನೀವು ಹೇಗೆ ಹೇಳ್ತೀರಿ? ಶಾಲೆಗೆ ಸೇರಿಸೋಕೆ ಮೊದಲು ಇವನ ಕೈಹಿಡಿದು ತಿದ್ದಿಸಿದವಳು ನಾನೇ ಸಾರ್, ಅ ಇಂದ ಹಿಡಿದು ಎಲ್ಲಾ ನಾನೇ ಕಲಿಸಿದ್ದು ಅಂದೆ. ಅವರು ಅದನ್ನ ಹಾಗೇ ಬರ್ಕೊಂಡರು. ಕೆಳಗೆ ನನ್ನ ಸಹಿ ಹಾಕಿಸಿಕೊಂಡರು.

ಅಕ್ಕ